ಕಮಿಷನರ್ ಅಂದ್ರೆ ಡೈರಿ ಸೆಕ್ರೆಟರಿ ಅಂತ ತಿಳ್ಕೊಳ್ಳಿ ಮೇಷ್ಟ್ರೇ

ಪ್ರಶ್ನೆ: ಸರ್, ನಾನು ಶಿವಮೊಗ್ಗ ಕಡೆ ಹೈಸ್ಕೂಲಲ್ಲಿ ಪಿಟಿ ಮೇಷ್ಟ್ರು. ಮಗ ಅಮೆರಿಕದಲ್ಲಿ ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟ್ ಓದ್ತಿದ್ದಾನೆ. ಮುಂದೆ ಅಲ್ಲಿಯ ಕಾಲೇಜ್ ಸ್ಪೋರ್ಟ್ಸ್‌ನಲ್ಲಿ 'ಕಾನ್ಫರೆನ್ಸ್ ಕಮಿಷನರ್' ಆಗ್ಬೇಕು ಅಂತಾನೆ. ನಂಗೆ ಗೊತ್ತಿರೋದು ಪೊಲೀಸ್ ಕಮಿಷನರ್, ಕಾರ್ಪೊರೇಷನ್ ಕಮಿಷನರ್ ಅಷ್ಟೇ. ಇದೇನು ಕೆಲಸ, ಅಧಿಕಾರ ಎಷ್ಟಿರುತ್ತೆ, ಯಾರು ಆಗ್ತಾರೆ, ಒಳ್ಳೆ ಕಮಿಷನರ್ ಅಂತ ಯಾರನ್ನ ಅನ್ನಬೋದು? ಸ್ವಲ್ಪ ಬಿಡಿಸಿ ಹೇಳಿ.

ಉತ್ತರ: ಮೇಷ್ಟ್ರೇ, ನಿಮ್ಮ ಪ್ರಶ್ನೆ ಓದಿ ನಗು ಬಂತು. ಬಹಳ ವರ್ಷದ ಹಿಂದೆ ನಾನು ಇಲ್ಲಿ ಅಮೆರಿಕದಲ್ಲೇ ಒಂದು ಯೂನಿವರ್ಸಿಟಿಯ ಅಥ್ಲೆಟಿಕ್ಸ್ ಆಫೀಸಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಮ್ಮಂಗೆ ಫೋನ್ ಮಾಡಿ 'ಇವತ್ತು ಆಫೀಸಿಗೆ ಕಮಿಷನರ್ ಬಂದಿದ್ರು' ಅಂದಿದ್ದೇ ತಡ, 'ಅಯ್ಯೋ, ಏನ್ ಮಾಡ್ಕೊಂಡ್ಯೋ' ಅಂತ ಗಾಬರಿ ಬಿದ್ದಿದ್ರು. ಅವರಿಗೆ ಅರ್ಥ ಮಾಡ್ಸೋಕೆ ನಾನು ಕೊನೆಗೆ ಹೇಳಿದ್ದು, 'ಅಮ್ಮ, ನಮ್ಮ ಚಿಕ್ಕಪ್ಪ ಊರಲ್ಲಿ ಡೈರಿ ಸೆಕ್ರೆಟರಿ ಆಗಿದ್ರಲ್ಲ, ಅದೇ ಕೆಲಸ, ಹಾಲಿನ ಬದಲು ಫುಟ್‌ಬಾಲ್.' (ಕಾಲಲ್ಲಿ ಒದೆಯೋ ನಮ್ಮ ಫುಟ್‌ಬಾಲ್ ಅಲ್ಲ, ಬಾಲು ಕೈಲಿ ಹಿಡ್ಕೊಂಡು ಓಡೋ ಅಮೆರಿಕನ್ ಫುಟ್‌ಬಾಲ್.) ಅವತ್ತು ತಮಾಷೆಗೆ ಹೇಳಿದ್ದು, ಆದ್ರೆ ಇಷ್ಟು ವರ್ಷ ಈ ಫೀಲ್ಡಲ್ಲಿ ಇದ್ದ ಮೇಲೆ ಅದಕ್ಕಿಂತ ಸರಿಯಾದ ಹೋಲಿಕೆ ನಂಗೆ ಸಿಕ್ಕಿಲ್ಲ.

ಹೇಗೆ ಅಂತ ನೋಡಿ. ಡೈರಿಲಿ ಹಾಲು ಹಾಕೋರೇ ಮಾಲೀಕರು. ಒಂದು ಹಸು ಕಟ್ಕೊಂಡಿರೋ ಅಜ್ಜಿನೂ ಮೆಂಬರ್, ಹತ್ತು ಹಸು ಕಟ್ಟಿರೋ ಗೌಡ್ರೂ ಮೆಂಬರ್, ಮೀಟಿಂಗಲ್ಲಿ ಇಬ್ರಿಗೂ ಒಂದೊಂದೇ ಓಟು. ಸೆಕ್ರೆಟರಿ ಸಂಬಳಕ್ಕೆ ಇರೋ ಮನುಷ್ಯ, ಆದ್ರೆ ಲೆಕ್ಕದ ಪುಸ್ತಕ ಅವನ ಕೈಲಿ, ಯೂನಿಯನ್ ಜೊತೆ ಮಾತಾಡೋದು ಅವನು, ಬಟವಾಡೆ ಮಾಡೋದು ಅವನು, ಬೈಸ್ಕೊಳ್ಳೋದೂ ಅವನೇ. ಅಮೆರಿಕದಲ್ಲಿ ಕಾನ್ಫರೆನ್ಸ್ ಅಂದ್ರೆ ಹಂಗೇ ಹತ್ತೋ ಹದಿನಾರೋ ಯೂನಿವರ್ಸಿಟಿಗಳು ಸೇರ್ಕೊಂಡು ಮಾಡಿರೋ ಸಂಘ, ತಮ್ಮತಮ್ಮಲ್ಲೇ ಆಡ್ತಾರೆ, ಟಿವಿ ಹಕ್ಕನ್ನ ಒಟ್ಟಿಗೆ ಮಾರ್ತಾರೆ, ಬಂದ ದುಡ್ಡು ಹಂಚ್ಕೊಳ್ತಾರೆ. ಇಂಥ ಸಂಘಗಳು ಮೇಲಿನ ಹಂತದಲ್ಲೇ, ಅಂದ್ರೆ ಡಿವಿಷನ್ ಒನ್‌ನಲ್ಲೇ, 30ಕ್ಕಿಂತ ಜಾಸ್ತಿ ಇವೆ. ಕಮಿಷನರ್‌ನ ನೇಮಿಸೋದು ಆ ಯೂನಿವರ್ಸಿಟಿಗಳ ಪ್ರೆಸಿಡೆಂಟ್‌ಗಳು, ಅಂದ್ರೆ ನಮ್ಮ ಲೆಕ್ಕದಲ್ಲಿ ವೈಸ್ ಚಾನ್ಸೆಲರ್‌ಗಳು. ಕೆಲಸದಿಂದ ತೆಗೆಯೋದೂ ಅವ್ರೇ. ಐಪಿಎಲ್ ತರ ಫ್ರಾಂಚೈಸಿ ಅಲ್ಲ ಇದು, ಇಲ್ಲಿ ಟೀಮುಗಳು ಬೇಜಾರಾದ್ರೆ ಕಂಬಳಿ ಕೊಡವಿಕೊಂಡು ಎದ್ದು ಪಕ್ಕದ ಸಂಘಕ್ಕೆ ಹೋಗಬೋದು. ಹೋಗ್ತಾವೆ ಕೂಡ.

ಹಂಗಾಗಿ ಅಧಿಕಾರ ಎಷ್ಟು ಅಂತ ಕೇಳಿದ್ರಲ್ಲ, ಕಾಗದದ ಮೇಲೆ ಬಹಳ ಕಮ್ಮಿ. ದೊಡ್ಡ ತೀರ್ಮಾನಕ್ಕೆಲ್ಲ ಓಟು ಪ್ರೆಸಿಡೆಂಟ್‌ಗಳದ್ದು. ಕಮಿಷನರ್ ಗಟ್ಟಿನೋ ಅಲ್ವೋ ಅನ್ನೋದು ಒಂದೇ ವಿಷಯದಲ್ಲಿ ಗೊತ್ತಾಗೋದು: ಮೀಟಿಂಗ್ ರೂಮಿನ ಒಳಗೆ ಹೋಗೋಕೆ ಮುಂಚೆನೇ ಯಾರ ಓಟು ಎಲ್ಲಿದೆ ಅಂತ ಅವನಿಗೆ ಗೊತ್ತಿರ್ಬೇಕು, ಮತ್ತೆ ಹೊರಗೆ ಬಂದಾಗ ಸೋತೋರಿಗೂ ಮನೆ ಬಿಟ್ಟು ಹೋಗೋ ಮನಸ್ಸು ಬರಬಾರದು. ಮಿಕ್ಕಿದ್ದೆಲ್ಲ, ಈ ಬ್ರ್ಯಾಂಡು, ವಿಷನ್ನು ಅಂತ ಪವರ್‌ಪಾಯಿಂಟ್‌ನಲ್ಲಿ ಹಾಕ್ತಾರಲ್ಲ, ಅದು ಆಮೇಲಿನ ಮಾತು.

ಮುಂಚೆ ಈ ಕೆಲಸ ಇಷ್ಟು ದೊಡ್ಡದಾಗಿರ್ಲಿಲ್ಲ. 1922ರಲ್ಲಿ ಬಿಗ್ ಟೆನ್ ಕಾನ್ಫರೆನ್ಸು ಜಾನ್ ಗ್ರಿಫಿತ್ ಅನ್ನೋರನ್ನ ಮೊದಲ ಕಮಿಷನರ್ ಮಾಡ್ದಾಗಿಂದ ಸುಮಾರು 60 ವರ್ಷ ಇವರ ಕೆಲಸ ಅಂದ್ರೆ ರೆಫರಿ ಹಾಕೋದು, ವೇಳಾಪಟ್ಟಿ ಮಾಡೋದು, ಕಳ್ಳಾಟ ಆಡಿದೋರನ್ನ ಹಿಡಿಯೋದು. ಟಿವಿ ಎಲ್ಲ ಕಾಲೇಜ್ ಸ್ಪೋರ್ಟ್ಸ್‌ನ ರಾಷ್ಟ್ರ ಮಟ್ಟದ ಸಂಸ್ಥೆ ಎನ್‌ಸಿಎಎ ಕೈಲಿತ್ತು, ಯಾವ ಕಾಲೇಜಿನ ಫುಟ್‌ಬಾಲ್ ಎಷ್ಟು ಸಲ ಟಿವಿಲಿ ಬರ್ಬೇಕು ಅಂತ ಅವ್ರೇ ರೇಷನ್ ಮಾಡ್ತಿದ್ರು. ಓಕ್ಲಹೋಮ, ಜಾರ್ಜಿಯಾ ಯೂನಿವರ್ಸಿಟಿಗಳು ಕೇಸ್ ಹಾಕಿ, 1984ರಲ್ಲಿ ಸುಪ್ರೀಂ ಕೋರ್ಟು 7–2ರಲ್ಲಿ 'ಈ ಏಕಸ್ವಾಮ್ಯ ನಡೆಯಲ್ಲ' ಅಂದ್ಬಿಡ್ತು. ಅವತ್ತಿಂದ ಹಾಲು ಮಾರೋ ಹಕ್ಕು ಹಳ್ಳಿ ಕೈಗೆ ಬಂತು, ನಿಧಾನಕ್ಕೆ ಸೆಕ್ರೆಟರಿ ದೊಡ್ಡ ಮನುಷ್ಯ ಆದ.

ಇದನ್ನ ಮೊದಲು ಸರಿಯಾಗಿ ಅರ್ಥ ಮಾಡ್ಕೊಂಡೋರಲ್ಲಿ ಒಬ್ರು ರಾಯ್ ಕ್ರೇಮರ್, ದಕ್ಷಿಣದ ರಾಜ್ಯಗಳ ಎಸ್‌ಇಸಿ ಕಾನ್ಫರೆನ್ಸಿಗೆ 1990ರಲ್ಲಿ ಕಮಿಷನರ್ ಆದೋರು. ರೂಲ್ ಬುಕ್ಕಿನ ಒಂದು ಮೂಲೇಲಿ, 12 ಟೀಮು ಇರೋ ಕಾನ್ಫರೆನ್ಸು ಎರಡು ಭಾಗ ಮಾಡ್ಕೊಂಡು ಕೊನೇಲಿ ಒಂದು ಫೈನಲ್ ಆಡಬೋದು ಅಂತ ಒಂದು ಸಾಲು ಇತ್ತು, ಯಾರೂ ಅದರ ಕಡೆ ತಲೆ ಹಾಕಿರ್ಲಿಲ್ಲ. ಕ್ರೇಮರ್ ಆರ್ಕನ್ಸಾ ಮತ್ತೆ ಸೌತ್ ಕ್ಯಾರೊಲೈನಾನ ಸೇರ್ಸ್ಕೊಂಡು 12 ಮಾಡಿ 1992ರಲ್ಲಿ ಫೈನಲ್ ಇಟ್ರು. ಕೋಚುಗಳು ಒಳಗೊಳಗೇ ಕುದಿತಿದ್ರು, ಇಡೀ ವರ್ಷ ಗೆದ್ಕೊಂಡು ಬಂದ ಟೀಮು ಈ ಎಕ್ಸ್‌ಟ್ರಾ ಮ್ಯಾಚಲ್ಲಿ ಸೋತ್ರೆ ನ್ಯಾಷನಲ್ ಚಾಂಪಿಯನ್ ಪಟ್ಟ ಕೈ ಬಿಟ್ಟು ಹೋಗುತ್ತಲ್ಲ ಅಂತ. ಮೊದಲ ವರ್ಷವೇ ಆ ಭಯ ಕಣ್ಮುಂದೆ ಬಂದು ನಿಂತ್ಕೊಳ್ತು. ಬರ್ಮಿಂಗ್‌ಹ್ಯಾಮ್‌ನ ಲೀಜನ್ ಫೀಲ್ಡ್, ಡಿಸೆಂಬರ್ ಚಳಿ, ಒಂದೂ ಮ್ಯಾಚ್ ಸೋಲದ ಅಲಬಾಮಾ ಒಂದ್ಕಡೆ, ಫ್ಲಾರಿಡಾ ಇನ್ನೊಂದ್ಕಡೆ, ಸ್ಕೋರು 21–21, ಇನ್ನೇನು ಮೂರು ನಿಮಿಷ ಚಿಲ್ಲರೆ ಬಾಕಿ, ಬಾಲು ಫ್ಲಾರಿಡಾ ಹತ್ರ. ಆಗ ಅಲಬಾಮಾದ ಆಂಟೋನಿಯೊ ಲ್ಯಾಂಗಮ್ ಅವರ ಪಾಸನ್ನ ಮಧ್ಯದಲ್ಲೇ ಹಿಡ್ಕೊಂಡು ಓಡಿ 28–21 ಮಾಡ್ದ. ಅಲಬಾಮಾ ಆಮೇಲೆ ನ್ಯಾಷನಲ್ ಚಾಂಪಿಯನ್ನೂ ಆಯ್ತು. ಆ ಬಾಲು ಅವನ ಕೈಲಿ ನಿಲ್ಲದೆ ಜಾರಿ ಬಿದ್ದಿದ್ರೆ ಕ್ರೇಮರ್ ಗತಿ ಏನಾಗ್ತಿತ್ತೋ, ಹೇಳೋಕಾಗಲ್ಲ. ಈಗ ಆ ಫೈನಲ್ ಇಲ್ಲದ ಎಸ್‌ಇಸಿಯನ್ನ ಯಾರಿಗೂ ಊಹಿಸ್ಕೊಳ್ಳೋಕೇ ಬರಲ್ಲ, ಉಳಿದ ದೊಡ್ಡ ಕಾನ್ಫರೆನ್ಸುಗಳೂ ಒಂದೊಂದಾಗಿ ಅದನ್ನೇ ಕಾಪಿ ಹೊಡೆದ್ವು.

ಆದ್ರೆ ಒಳ್ಳೆ ಕಮಿಷನರ್ ಯಾರು ಅಂದ್ರೆ ನಾನು ಹೇಳೋ ಹೆಸರು ಕ್ರೇಮರ್ ಆದ್ಮೇಲೆ ಬಂದ ಮೈಕ್ ಸ್ಲೈವ್. 2002ರಿಂದ 2015ರ ತನಕ ಇದ್ರು, 2018ರಲ್ಲಿ ತೀರ್ಕೊಂಡ್ರು. ಮಜಾ ಅಂದ್ರೆ ದಕ್ಷಿಣದ ಫುಟ್‌ಬಾಲಿಗೂ ಅವ್ರಿಗೂ ಯಾವ ನಂಟೂ ಇರ್ಲಿಲ್ಲ. ನ್ಯೂಯಾರ್ಕ್ ರಾಜ್ಯದ ಯೂಟಿಕಾದಲ್ಲಿ ಹುಟ್ಟಿ, ಡಾರ್ಟ್‌ಮತ್‌ನಲ್ಲಿ ಓದಿ, ಲಾ ಮಾಡಿ, ನ್ಯೂ ಹ್ಯಾಂಪ್‌ಶೈರಲ್ಲಿ ಸ್ವಲ್ಪ ಕಾಲ ಜಡ್ಜ್ ಆಗಿ, ಕಾರ್ನೆಲ್‌ನಲ್ಲಿ ಅಥ್ಲೆಟಿಕ್ ಡೈರೆಕ್ಟರ್ ಆಗಿ, ಆಮೇಲೆ ನಿಯಮ ಮುರಿದು ಎನ್‌ಸಿಎಎ ಕೈಲಿ ಸಿಕ್ಕಿಹಾಕ್ಕೊಂಡ ಕಾಲೇಜುಗಳ ಪರ ವಕೀಲಿಕೆ ಮಾಡ್ತಿದ್ದೋರು. ಅಲ್ಲಿಂದ ಗ್ರೇಟ್ ಮಿಡ್‌ವೆಸ್ಟ್, ಕಾನ್ಫರೆನ್ಸ್ ಯುಎಸ್‌ಎ ಅಂತ ಎರಡು ಚಿಕ್ಕ ಕಾನ್ಫರೆನ್ಸು ನಡೆಸಿ ಬಂದಿದ್ರು. ಅವ್ರು ಬರೋ ಹೊತ್ತಿಗೆ ಎಸ್‌ಇಸಿ ಹೆಸರು ಕೆಟ್ಟಿತ್ತು, ಅಲಬಾಮಾ, ಕೆಂಟಕಿ ಎರಡಕ್ಕೂ ಅದೇ ವರ್ಷ ದೊಡ್ಡ ಶಿಕ್ಷೆ ಬಿದ್ದಿತ್ತು, ಆಟಗಾರರನ್ನ ಸೇರ್ಸೋದರಲ್ಲಿ ದುಡ್ಡಿನ ಆಟ ನಡೆದಿತ್ತು ಅಂತ. ಪಕ್ಕದ ಕಾಲೇಜು ಕಳ್ಳಾಟ ಆಡ್ತಿದೆ ಅಂತ ಒಬ್ಬರ ಮೇಲೊಬ್ರು ಹೋಗಿ ಚಾಡಿ ಹೇಳೋದು ಅಲ್ಲಿ ಮಾಮೂಲಾಗಿತ್ತು. ಸ್ಲೈವ್ ಟಿವಿ ದುಡ್ಡಿಗೆ ಕೈ ಹಾಕೋಕೆ ಮುಂಚೆ ಮೊದಲು ಹೇಳಿದ್ದು, ಐದು ವರ್ಷದೊಳಗೆ ನಮ್ಮ ಒಂದು ಕಾಲೇಜೂ ಶಿಕ್ಷೆಲಿ ಇರಬಾರದು ಅಂತ. ಆ ಗುರಿ ಪೂರ್ತಿ ಮುಟ್ಟಿದ್ರಾ ಅಂದ್ರೆ ಇಲ್ಲ, ಆದ್ರೆ ಚಾಡಿ ಹೇಳೋ ದಾರಿ ಬದಲಾಯ್ತು, ದೂರು ಇದ್ರೆ ಮೊದಲು ಕಮಿಷನರ್ ಆಫೀಸಿಗೆ ತನ್ನಿ, ಪೇಪರಿಗಲ್ಲ ಅಂತ. ಮನೆ ಜಗಳ ಬೀದಿಗೆ ಬರಬಾರದು ಅನ್ನೋದು ನಮ್ಮಲ್ಲಿ ಹಳೇ ಮಾತು, ಅದನ್ನೇ ವಕೀಲರ ಭಾಷೇಲಿ ಮಾಡಿದ್ರು ಅಷ್ಟೇ.

2009ನೇ ವರ್ಷ ನೋಡಿ, ಲೀಡರ್‌ಶಿಪ್ ಅನ್ನೋದು ಹತ್ತಿರದಿಂದ ಕಾಣುತ್ತೆ. ಫೆಬ್ರವರೀಲಿ ಟೆನೆಸ್ಸಿಗೆ ಹೊಸದಾಗಿ ಬಂದಿದ್ದ ಕೋಚ್ ಲೇನ್ ಕಿಫಿನ್ ಬಹಿರಂಗವಾಗಿ ಫ್ಲಾರಿಡಾ ಕೋಚ್ ಅರ್ಬನ್ ಮೇಯರ್ ಮೋಸ ಮಾಡಿದಾರೆ ಅಂದ್ಬಿಟ್ಟ. ವಿಚಾರಿಸಿದ್ರೆ ಮೇಯರ್ ಮಾಡಿದ್ದು ನಿಯಮದ ಒಳಗೇ ಇತ್ತು. ಸ್ಲೈವ್ ಕಿಫಿನ್‌ಗೆ ಬಹಿರಂಗವಾಗೇ ಛೀಮಾರಿ ಹಾಕಿದ್ರು. ಅಕ್ಟೋಬರಲ್ಲಿ ರೆಫರಿಗಳು ಎರಡು ದೊಡ್ಡ ಮ್ಯಾಚಲ್ಲಿ ತಪ್ಪು ತೀರ್ಪು ಕೊಟ್ರು, ಕೋಚುಗಳು ಸಾಲಾಗಿ ಬಾಯಿ ಬಿಟ್ರು. ಆಗ ಅವ್ರು ಏನ್ ಮಾಡಿದ್ರು ಗೊತ್ತಾ, ಆ ರೆಫರಿ ತಂಡನ ಸಸ್ಪೆಂಡ್ ಮಾಡಿ ಅದನ್ನ ಎಲ್ಲರ ಮುಂದೆ ಹೇಳಿದ್ರು, ಮಾಮೂಲಿ ಆಗಿದ್ರೆ ಇಂಥದ್ದೆಲ್ಲ ಒಳಗೇ ಮುಚ್ಚಾಕ್ತಾರೆ. ಹೇಳಿದ್ಮೇಲೆ, ಇನ್ಮುಂದೆ ರೆಫರಿ ಬಗ್ಗೆ ಬಾಯಿ ಬಿಟ್ಟ ಕೋಚಿಗೆ ಎಚ್ಚರಿಕೆ ಇಲ್ಲ, ನೇರ ದಂಡ ಅಂದ್ರು. ನವೆಂಬರಲ್ಲಿ ಅದೇ ಮೇಯರ್ ರೆಫರಿ ಬಗ್ಗೆ ಮಾತಾಡ್ದಾಗ 30 ಸಾವಿರ ಡಾಲರ್ ದಂಡ ಬಿತ್ತು. ಹಿಂದಿನ ಸೀಸನ್ ನ್ಯಾಷನಲ್ ಚಾಂಪಿಯನ್ ಕೋಚು ಆತ, ಅದೇ ವರ್ಷ ಶುರುವಲ್ಲಿ ಅವನ ಪರವಾಗೇ ತೀರ್ಪು ಕೊಟ್ಟಿದ್ರು, ಆದ್ರೂ ಬಿಡಲಿಲ್ಲ. ನಾನು ಕಂಪ್ಲೈಯನ್ಸ್ ಕೆಲಸ, ಅಂದ್ರೆ ಕಾಲೇಜು ನಿಯಮ ಪಾಲಿಸ್ತಿದೆಯಾ ಅಂತ ನೋಡೋ ಕೆಲಸ ಮಾಡಿದೋನು, ನಿಯಮ ಬರೆಯೋದು ಸುಲಭ, ದೊಡ್ಡೋರ ಮೇಲೆ ಅದನ್ನ ಹಾಕೋದು ಎಷ್ಟು ಕಷ್ಟ ಅಂತ ಗೊತ್ತು. ನಾನಿದ್ದ ಒಂದು ಕಡೆ ಸ್ಟಾರ್ ಕೋಚ್ ವಿಷಯ ಬಂದ ತಕ್ಷಣ ಫೈಲು ಮೇಜಿಂದ ಮೇಜಿಗೆ ಆರು ತಿಂಗಳು ಓಡಾಡಿ ಕೊನೆಗೆ ಕಾಣೆನೇ ಆಯ್ತು.

ಇನ್ನೊಂದು ವಿಷಯಕ್ಕೆ ಸ್ಲೈವ್ ಹೆಸರು ಉಳಿಯುತ್ತೆ. 1932ರಲ್ಲಿ ಶುರುವಾದ ಎಸ್‌ಇಸಿಲಿ 70 ವರ್ಷ ಕಳೆದ್ರೂ ಒಬ್ಬ ಕಪ್ಪು ಜನಾಂಗದ ಹೆಡ್ ಫುಟ್‌ಬಾಲ್ ಕೋಚ್ ಇರ್ಲಿಲ್ಲ, ಮೈದಾನದಲ್ಲಿ ಆಡೋ ಹುಡುಗರಲ್ಲಿ ಎಷ್ಟೋ ಜನ ಕಪ್ಪು ಹುಡುಗರೇ ಆಗಿದ್ರೂ. ಕೋಚ್ ನೇಮಕದಲ್ಲಿ ಕಮಿಷನರ್‌ಗೆ ಓಟೇ ಇಲ್ಲ, ಅದು ಆಯಾ ಕಾಲೇಜಿನ ಹಕ್ಕು. ಆದ್ರೆ ಬಂದಾಗಿಂದ ಆ ಮಾತನ್ನ ಎತ್ತುತ್ತಾನೇ ಇದ್ರು. 2003ರ ಡಿಸೆಂಬರಲ್ಲಿ ಮಿಸಿಸಿಪಿ ಸ್ಟೇಟ್ ಸಿಲ್ವೆಸ್ಟರ್ ಕ್ರೂಮ್ ಅವರನ್ನ ನೇಮಿಸ್ತು. ಎಲ್ಲಾ ಬಿಟ್ಟು ಮಿಸಿಸಿಪಿಲಿ!

ಇನ್ನು ದುಡ್ಡು. 2007ರಲ್ಲಿ ಬಿಗ್ ಟೆನ್ ಕಮಿಷನರ್ ಜಿಮ್ ಡಿಲೇನಿ ಫಾಕ್ಸ್ ಟಿವಿ ಕಂಪನಿ ಜೊತೆ ಸೇರ್ಕೊಂಡು ಸ್ವಂತ ಟಿವಿ ಚಾನೆಲ್ ಶುರು ಮಾಡಿದ್ರು, ಎಲ್ಲರೂ ನಕ್ರು, ಆಮೇಲೆ ಅದು ದುಡ್ಡಿನ ಹೊಳೆ ಹರಿಸ್ತು. ಎಸ್‌ಇಸಿಗೂ ಚಾನೆಲ್ ಬೇಕು ಅಂತ ಒತ್ತಡ ಬಂತು. ಸ್ಲೈವ್ ಅವಸರ ಮಾಡ್ಲಿಲ್ಲ. 2008ರಲ್ಲಿ ಸಿಬಿಎಸ್ ಜೊತೆಗೊಂದು, ಇಎಸ್‌ಪಿಎನ್ ಜೊತೆಗೊಂದು 15 ವರ್ಷದ ಟಿವಿ ಒಪ್ಪಂದ ಮಾಡಿದ್ರು, ಇಎಸ್‌ಪಿಎನ್‌ದು ಒಂದೇ 225 ಕೋಟಿ ಡಾಲರ್. 2012ರಲ್ಲಿ ಟೆಕ್ಸಸ್ ಎ ಅಂಡ್ ಎಮ್, ಮಿಸ್ಸೌರಿ ಸೇರಿದ ಮೇಲೆ, 2014ರ ಆಗಸ್ಟಲ್ಲಿ ಎಸ್‌ಇಸಿ ನೆಟ್‌ವರ್ಕ್ ಬಂತು, ಅದೂ ಇಎಸ್‌ಪಿಎನ್ ಮಾಲೀಕತ್ವದಲ್ಲಿ. ಚಾನೆಲ್ಲಿಗೆ ನಮ್ಮ ಹೆಸರು ಇದ್ರೆ ಸಾಕು, ಕೇಬಲ್ ಕಂಪನಿಗಳ ಜೊತೆ ಗುದ್ದಾಟ ಇಎಸ್‌ಪಿಎನ್ ಮಾಡ್ಕೊಳ್ಲಿ ಅನ್ನೋ ಲೆಕ್ಕಾಚಾರ. ಬಂದ ದುಡ್ಡು ಹೆಚ್ಚುಕಮ್ಮಿ ಸಮಪಾಲು, ಅಲಬಾಮಾಗೆ ಎಷ್ಟೋ, ಫುಟ್‌ಬಾಲಲ್ಲಿ ಸದಾ ಒದೆ ತಿಂತಿದ್ದ ವಾಂಡರ್‌ಬಿಲ್ಟ್‌ಗೂ ಅಷ್ಟೇ. ನಮ್ಮ ಡೈರಿಲಿ ಫ್ಯಾಟ್ ನೋಡಿ ರೇಟು ಕೊಡ್ತಾರೆ, ಇಲ್ಲಿ ನೀರು ಹಾಲಿಗೂ ಗಟ್ಟಿ ಹಾಲಿಗೂ ಒಂದೇ ರೇಟು! ಗಟ್ಟಿ ಹಾಲು ಹಾಕೋನು ಅದಕ್ಕೆ ಒಪ್ಪಿ ಸುಮ್ನೆ ಕೂತಿರೋ ಹಂಗೆ ನೋಡ್ಕೊಳ್ಳೋದೇ ಕಮಿಷನರ್‌ನ ನಿಜವಾದ ಕೆಲಸ. ಎಲ್ಲಾ ಕಡೆ ಅದು ನಡೆಯಲ್ಲ, ಅಟ್ಲಾಂಟಿಕ್ ಕರಾವಳಿಯ ಎಸಿಸಿಲಿ ಕ್ಲೆಮ್ಸನ್, ಫ್ಲಾರಿಡಾ ಸ್ಟೇಟ್ ಎರಡೂ ಕೋರ್ಟಿಗೇ ಹೋಗಿ, 2025ರ ಮಾರ್ಚಲ್ಲಿ ರಾಜಿ ಆಗಿ, ಈಗ ಟಿವಿಲಿ ಯಾರ ಮ್ಯಾಚ್ ಎಷ್ಟು ಜನ ನೋಡ್ತಾರೆ ಅಂತ ಅಳೆದು ಹಂಚೋ ಪದ್ಧತಿ ಬಂದಿದೆ. ಅಲ್ಲಿಗೆ ಫ್ಯಾಟ್ ಮೀಟರ್ ಇಲ್ಲೂ ಬಂತು ಅನ್ನಿ.

ಈಗ ಸಂಘ ಮುಳುಗಿದ ಕಥೆ. ಪಶ್ಚಿಮ ಕರಾವಳಿಯ ಪ್ಯಾಕ್-12, 1915ರಲ್ಲಿ ಶುರುವಾಗಿದ್ದು, ಸ್ಟ್ಯಾನ್‌ಫರ್ಡ್, ಬರ್ಕ್ಲಿ, ಯುಸಿಎಲ್‌ಎ ಇದ್ದಂಥ ಮನೆತನ. 2009ರಲ್ಲಿ ಲ್ಯಾರಿ ಸ್ಕಾಟ್ ಅಂತ, ಮಹಿಳಾ ಟೆನಿಸ್ ಸಂಸ್ಥೆ ನಡೆಸ್ತಿದ್ದೋರನ್ನ ತಂದು ಕೂರಿಸಿದ್ರು. 2011ರಲ್ಲಿ ಅವ್ರು ಮಾಡಿದ ಸುಮಾರು 300 ಕೋಟಿ ಡಾಲರಿನ, 12 ವರ್ಷದ ಟಿವಿ ಒಪ್ಪಂದ ನೋಡಿ ಎಲ್ಲರೂ ಬಾಯಿ ಬಿಟ್ರು, ಜೀನಿಯಸ್ಸು ಅಂದ್ರು. 2012ರಲ್ಲಿ ಏಳು ಚಾನೆಲ್ ಶುರು ಮಾಡಿದ್ರು, ಪೂರ್ತಿ ನಮ್ಮದೇ ಇರ್ಲಿ, ಪಾಲುದಾರ ಯಾಕೆ ಅಂತ. ಡೈರೆಕ್ಟ್‌ಟಿವಿ ಅನ್ನೋ ದೊಡ್ಡ ಡಿಟಿಎಚ್ ಕಂಪನಿ ಅದನ್ನ ಕೊನೆತನಕ ತಗೊಳ್ಳಲೇ ಇಲ್ಲ, ಪಾಲುದಾರ ಇಲ್ಲದ ಕಾರಣ ಅವರ ಮೇಲೆ ಒತ್ತಡ ಹಾಕೋರೂ ಇಲ್ಲ. ಆಫೀಸು ಸ್ಯಾನ್ ಫ್ರಾನ್ಸಿಸ್ಕೋ ಮಧ್ಯದಲ್ಲಿ, ಬಾಡಿಗೆ ಕೇಳ್ಬೇಡಿ. ಕಮಿಷನರ್ ಸಂಬಳ ವರ್ಷಕ್ಕೆ 50 ಲಕ್ಷ ಡಾಲರ್ ಹತ್ರ, ಎಸ್‌ಇಸಿ ಕಮಿಷನರ್‌ಗಿಂತ ಜಾಸ್ತಿ, ಕಾಲೇಜಿಗೆ ಸಿಗೋ ಪಾಲು ಮಾತ್ರ ಎಸ್‌ಇಸಿಗಿಂತ ಕಮ್ಮಿ. ಊರಲ್ಲಿ ಹಾಲಿನ ಬಟವಾಡೆ ತಡ ಆಗ್ತಿರೋವಾಗ ಸೆಕ್ರೆಟರಿ ಹೊಸ ಕಾರು ತಗೊಂಡ್ರೆ ಜನ ಏನಂತಾರೆ? ಅದೇ ಆಯ್ತು.

2021ರಲ್ಲಿ ಅವರ ಜಾಗಕ್ಕೆ ಬಂದ ಜಾರ್ಜ್ ಕ್ಲಿಯಾವ್ಕಾಫ್ ಲಾಸ್ ವೇಗಸ್‌ನ ಎಂಜಿಎಮ್ ಅನ್ನೋ ಹೋಟೆಲ್, ಕ್ಯಾಸಿನೊ ಕಂಪನಿಯಿಂದ ಬಂದೋರು. 2022ರ ಜೂನ್ 30ಕ್ಕೆ ಯುಎಸ್‌ಸಿ, ಯುಸಿಎಲ್‌ಎ ಎರಡೂ ಬಿಗ್ ಟೆನ್‌ಗೆ ಹೊರಟ್ವು, ಲಾಸ್ ಏಂಜಲೀಸ್ ಮಾರ್ಕೆಟ್ಟೇ ಹೋಯ್ತು. ಉಳಿದ ಹತ್ತನ್ನ ಇಟ್ಕೊಂಡು ಹೊಸ ಟಿವಿ ಒಪ್ಪಂದ ಬೇಗ ಮಾಡ್ಬೇಕಿತ್ತು. ಆದ್ರೆ ಒಳಗಿದ್ದೋರಿಗೆ ತಮ್ಮ ಬೆಲೆ ಬಗ್ಗೆ ಭ್ರಮೆ ಇತ್ತು, ಇನ್ನೂ ಜಾಸ್ತಿ ಸಿಗುತ್ತೆ ಅಂತ ಕಾದ್ರು. ಅಷ್ಟರಲ್ಲಿ ಬಿಗ್ 12 ಕಾನ್ಫರೆನ್ಸಿನ ಹೊಸ ಕಮಿಷನರ್ ಬ್ರೆಟ್ ಯೋರ್ಮಾರ್ಕ್, ಇವ್ರೂ ಕಾಲೇಜ್ ಸ್ಪೋರ್ಟ್ಸ್ ಹೊರಗಿಂದ ಬಂದೋರೇ, ತಮ್ಮ ಒಪ್ಪಂದ ಮುಗಿಯೋಕೆ ಇನ್ನೂ ಟೈಮ್ ಇದ್ರೂ ಕ್ಯೂ ಮುರಿದು ಮುಂದೆ ಹೋಗಿ 2022ರ ಅಕ್ಟೋಬರಲ್ಲೇ ಇಎಸ್‌ಪಿಎನ್, ಫಾಕ್ಸ್ ಜೊತೆ ಮುಗಿಸ್ಕೊಂಡ್ಬಿಟ್ರು. ರೇಷನ್ ಅಂಗಡೀಲಿ ಅಕ್ಕಿ ಖಾಲಿ ಆದ್ಮೇಲೆ ಕಾರ್ಡ್ ಹಿಡ್ಕೊಂಡು ನಿಂತೋರ ಪಾಡು ಪ್ಯಾಕ್-12ಗೆ. ಕೊನೆಗೆ ಸಿಕ್ಕಿದ್ದು ಆಪಲ್ ಕಂಪನಿಯ ಸ್ಟ್ರೀಮಿಂಗ್ ಆಫರ್, ಸಬ್‌ಸ್ಕ್ರಿಪ್ಷನ್ ಎಷ್ಟು ಮಾರುತ್ತೋ ಅಷ್ಟರ ಮೇಲೆ ದುಡ್ಡು. ಹತ್ತರಲ್ಲಿ ಕೊಲರಾಡೊ ಆಗಲೇ ಬಿಗ್ 12ಗೆ ಹೊರಟಿತ್ತು. 2023ರ ಆಗಸ್ಟ್ 4, ಶುಕ್ರವಾರ, ಅವತ್ತು ಬೆಳಗ್ಗೆ ಉಳಿದ ಒಂಬತ್ತು ಕಾಲೇಜು ಸಹಿ ಹಾಕಿ ಟಿವಿ ಹಕ್ಕನ್ನ ಒಟ್ಟಿಗೆ ಕಟ್ಟಿಡಬೇಕಿತ್ತು, ಡೈರಿ ಭಾಷೇಲಿ ಹೇಳೋದಾದ್ರೆ ಕ್ಯಾನಿಗೆ ಹಾಲು ಹುಯ್ಯಬೇಕಿತ್ತು, ಹುಯ್ದ ಮೇಲೆ ವಾಪಸ್ ಕೇಳೋ ಹಂಗಿಲ್ಲ. ಸಂಜೆ ಹೊತ್ತಿಗೆ ಐದು ಹೋಗಿತ್ತು, ಆರೆಗನ್, ವಾಷಿಂಗ್ಟನ್ ಬಿಗ್ ಟೆನ್‌ಗೆ, ಎರಡು ಅರಿಜೋನಾ ಕಾಲೇಜು ಮತ್ತೆ ಯೂಟಾ ಬಿಗ್ 12ಗೆ. ತಿಂಗಳೊಳಗೆ ಸ್ಟ್ಯಾನ್‌ಫರ್ಡ್, ಬರ್ಕ್ಲಿ ಎರಡೂ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸಿಗೆ ಸೇರ್ಕೊಂಡ್ವು. ಪೆಸಿಫಿಕ್ ದಡದಲ್ಲಿ ಕೂತ್ಕೊಂಡು ಅಟ್ಲಾಂಟಿಕ್! ಕೊನೆಗೆ ಮನೇಲಿ ಉಳಿದಿದ್ದು ಆರೆಗನ್ ಸ್ಟೇಟ್, ವಾಷಿಂಗ್ಟನ್ ಸ್ಟೇಟ್ ಇಬ್ರೇ.

ಇದಕ್ಕೆ ಎದುರಾಗಿ ಈಗಿನ ಎಸ್‌ಇಸಿ ಕಮಿಷನರ್ ಗ್ರೆಗ್ ಸ್ಯಾಂಕಿ ಮಾಡಿದ್ದು ನೋಡಿ. 2021ರ ಜುಲೈ 21ಕ್ಕೆ ಟೆಕ್ಸಸ್, ಓಕ್ಲಹೋಮ ಎಸ್‌ಇಸಿಗೆ ಬರ್ತಾವಂತೆ ಅಂತ ಪೇಪರಲ್ಲಿ ಬಂತು. ಟೆಕ್ಸಸ್ ಎ ಅಂಡ್ ಎಮ್‌ನೋರು ಕೆಂಡ ಆದ್ರು, ಆ ದಾಯಾದಿ ಕಾಟ ತಪ್ಪಿಸ್ಕೊಳ್ಳೋಕೆ ತಾನೇ ಅವ್ರು ಎಸ್‌ಇಸಿಗೆ ಬಂದಿದ್ದು. ಎಂಟನೇ ದಿನಕ್ಕೆ ಓಟಾಯ್ತು, 14–0. ಎ ಅಂಡ್ ಎಮ್ ಕೂಡ ಹೂಂ ಅಂದಿತ್ತು. ಆ ಎಂಟು ದಿನ ಯಾರ್ಯಾರಿಗೆ ಎಷ್ಟು ಫೋನ್ ಹೋಗಿರ್ಬೋದು, ನೀವೇ ಲೆಕ್ಕ ಹಾಕಿ. ಕೋವಿಡ್ ವರ್ಷವೂ ಹಂಗೇ, 2020ರ ಆಗಸ್ಟ್ 11ಕ್ಕೆ ಬಿಗ್ ಟೆನ್, ಪ್ಯಾಕ್-12 ಎರಡೂ ಸೀಸನ್ ಮುಂದಕ್ಕೆ ಹಾಕಿದ್ವು, ಬಿಗ್ ಟೆನ್ ಸೆಪ್ಟೆಂಬರ್ 16ಕ್ಕೆ ಮತ್ತೆ ತಿರುಗಿ ಆಡ್ತೀವಿ ಅಂತು. ಸ್ಯಾಂಕಿ ಮಾತ್ರ ಕೊನೆ ಗಳಿಗೆ ತನಕ ತೀರ್ಮಾನ ಮಾಡದೇ ಇರೋದೇ ತೀರ್ಮಾನ ಅಂತ ಕೂತಿದ್ರು. ಅದು ಸರಿನಾ ಅಂದ್ರೆ, ಕಾಯಿಲೆ ಲೆಕ್ಕದಲ್ಲಿ ನಂಗೆ ಇವತ್ತಿಗೂ ಅನುಮಾನ ಇದೆ, ಸಂಘ ಒಡೀದಂಗೆ ಇಟ್ಕೊಳ್ಳೋ ಲೆಕ್ಕದಲ್ಲಿ ಅನುಮಾನ ಇಲ್ಲ.

ಎಲ್ಲಾ ಯಶಸ್ಸಿಗೂ ಬೆಲೆ ಇದೆ ಅನ್ನೋದನ್ನ ನಿಮ್ಮ ಮಗ ತಿಳ್ಕೊಂಡಿರ್ಲಿ. ಸ್ಲೈವ್, ಡಿಲೇನಿ ಅವರ ಬುದ್ಧಿವಂತಿಕೆಯಿಂದಲೇ ಈಗ ಯುಸಿಎಲ್‌ಎದ ವಾಲಿಬಾಲ್ ಹುಡುಗೀರು ಕ್ಯಾಲಿಫೋರ್ನಿಯಾದಿಂದ ನ್ಯೂಜೆರ್ಸಿಗೆ ಹೋಗಿ ಲೀಗ್ ಮ್ಯಾಚ್ ಆಡೋ ಕಾಲ ಬಂದಿದೆ. ಇಷ್ಟೆಲ್ಲ ದುಡ್ಡು ಬಂದಾಗ ಆಡೋ ಹುಡುಗರಿಗೆ ಪಾಲು ಕೊಡೋದನ್ನ ಕಮಿಷನರ್‌ಗಳು ಎಷ್ಟು ವರ್ಷ ಆಗುತ್ತೋ ಅಷ್ಟು ವರ್ಷ ತಳ್ತಾ ಬಂದ್ರು, ಕೋರ್ಟಿನಲ್ಲಿ ಸೋತು ಸೋತು 2025ರ ಜೂನಲ್ಲಿ ಆಟಗಾರರು ಹಾಕಿದ್ದ 'ಹೌಸ್' ಅನ್ನೋ ಕೇಸಿನ ರಾಜಿಗೆ ಒಪ್ಪಿಗೆ ಸಿಕ್ಕ ಮೇಲೆನೇ, ಒಂದು ಕಾಲೇಜು ವರ್ಷಕ್ಕೆ ಸುಮಾರು 2 ಕೋಟಿ ಡಾಲರ್ ತನಕ ಆಟಗಾರರಿಗೆ ನೇರವಾಗಿ ಕೊಡಬೋದು ಅಂತ ಆಗಿದ್ದು. ಹಸುಗೆ ಹಿಂಡಿ ಹಾಕೋ ವಿಷಯ ಯಾರಿಗೂ ನೆನಪಾಗಿರ್ಲಿಲ್ಲ.

ಕೊನೆಗೆ, ಹುಡುಗ ಏನ್ ಮಾಡ್ಬೇಕು. ಈಗೀಗ ಪ್ರೆಸಿಡೆಂಟ್‌ಗಳು ಟಿವಿ, ಮನರಂಜನೆ ಕಂಪನಿಗಳಿಂದ ಜನ ತರ್ತಿದ್ದಾರೆ, ಹಂಗಾಗಿ ಎಂಬಿಎ ಮಾಡಿ ಮೀಡಿಯಾ ಕಂಪನೀಲಿ ಇದ್ದು ಮೇಲಿಂದ ಇಳಿಯೋ ದಾರೀನೂ ಇದೆ. ನಂಗೆ ಅದರ ಮೇಲೆ ನಂಬಿಕೆ ಕಮ್ಮಿ. ಲಾ ಓದಿದ್ರೆ ಬಹಳ ಅನುಕೂಲ, ಡಿಲೇನಿ, ಸ್ಲೈವ್, ಬಿಗ್ ಈಸ್ಟ್ ಕಾನ್ಫರೆನ್ಸು ನಡೆಸಿದ ವ್ಯಾಲ್ ಆಕರ್‌ಮನ್ ಎಲ್ಲರೂ ಲಾ ಓದಿದೋರೇ, ಆಕರ್‌ಮನ್ ಅಂತೂ ಕಾಲೇಜಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿ, ಮಹಿಳಾ ಬ್ಯಾಸ್ಕೆಟ್‌ಬಾಲ್ ಲೀಗ್ ಡಬ್ಲ್ಯೂಎನ್‌ಬಿಎಗೆ ಮೊದಲ ಪ್ರೆಸಿಡೆಂಟ್ ಆಗಿ ಬಂದೋರು. ಆದ್ರೆ ಸುಲಭದ ಬಾಗಿಲು ಕಂಪ್ಲೈಯನ್ಸ್ ಆಫೀಸು, ಅಲ್ಲಿಗೆ ಯಾರೂ ಜಗಳ ಆಡ್ಕೊಂಡು ಬರಲ್ಲ, ಬೋರು ಕೆಲಸ, ರೂಲ್ ಬುಕ್ ಇಟ್ಟಿಗೆ ದಪ್ಪ. ಡಿಲೇನಿ ಎನ್‌ಸಿಎಎಲಿ ನಿಯಮ ಮುರಿದೋರ ವಿಚಾರಣೆ ಮಾಡ್ತಾ ಇದ್ದೋರು, 31ನೇ ವಯಸ್ಸಿಗೆ ಒಹಾಯೊ ವ್ಯಾಲಿ ಅನ್ನೋ ಸಣ್ಣ ಕಾನ್ಫರೆನ್ಸಿಗೆ ಕಮಿಷನರ್ ಆದ್ರು, ಅಲ್ಲಿ ಹತ್ತು ವರ್ಷ ಇದ್ರು. ಸ್ಯಾಂಕಿ ಕೂಡ ಹೆಚ್ಚುಕಮ್ಮಿ ಅದೇ ವಯಸ್ಸಲ್ಲಿ, 1996ರಲ್ಲಿ, ಸೌತ್‌ಲ್ಯಾಂಡ್ ಅನ್ನೋ ಸಣ್ಣ ಕಾನ್ಫರೆನ್ಸಿಗೆ. ಅಂಥ ಆಫೀಸಲ್ಲಿ ಹತ್ತು ಹದಿನೈದು ಜನ ಇರ್ತಾರೆ, ಬೆಳಗ್ಗೆ ಸಾಫ್ಟ್‌ಬಾಲ್ ಮ್ಯಾಚಿಗೆ ಮಳೆ ಬಂತು ಅಂತ ಟೈಮ್ ಬದಲಾಯಿಸ್ಬೇಕು, ಮಧ್ಯಾಹ್ನ ರೆಫರಿಗಳ ಪ್ರಯಾಣದ ಬಿಲ್ಲು ನೋಡ್ಬೇಕು, ಸಂಜೆ ಯಾವುದೋ ಕಾಲೇಜಿನ ಪ್ರೆಸಿಡೆಂಟ್ ಫೋನ್ ಮಾಡಿ ಬೈತಾರೆ, ಕೇಳಿಸ್ಕೊಳ್ಬೇಕು. ದೊಡ್ಡ ಕಾನ್ಫರೆನ್ಸಲ್ಲಿ ಇಂಟರ್ನ್‌ಶಿಪ್ ಸಿಕ್ಕಿದ್ರೆ ಫೋಟೋಗೆ ಚೆನ್ನಾಗಿರುತ್ತೆ, ಸಣ್ಣದರಲ್ಲಿ ಸಿಕ್ಕಿದ್ರೆ ಅದನ್ನೇ ತಗೊಳ್ಳೋಕೆ ಹೇಳಿ. ಅವನಿಗೆ ಬೇಕಾದ್ರೆ ನಂಗೆ ಬರೀಲಿ, ರೆಸ್ಯೂಮೆ ನೋಡಿ ಕೊಡ್ತೀನಿ.